ಅಕ್ಕನ ಹದಿನಾಲ್ಕು ವರದಾನಗಳು

ಕಾಗದ ಇಷ್ಟು ಸಲೀಸಾಗಿ ಸಿಕ್ಕೀತೆಂದು ಚಿಕ್ಕಿ ಅಂದುಕೊಂಡಿರಲಿಲ್ಲ. ಸಿಗದೇ ಹೋದರೆ ಸಾಕಪ್ಪಾ ಎಂದು ಬಸ್ಸಿನುದ್ದಕ್ಕೂ ಬೇಡಿಕೊಂಡೇ ಹೋಗಿದ್ದಳು. ರಿಜಿಸ್ಟರಿಗೆ ಗೆದ್ದಲು ಹಿಡಿದಿರಬಹುದು, ಕಪಾಟಿನ ಬೀಗದ ಕೈ ಕಳೆದಿರಬಹುದು, ಗುಮಾಸ್ತನಿಗೆ ಜ್ವರ ಬಂದಿರಬಹುದು. ಒಂದೂ ಆಗಿರಲಿಲ್ಲ. ಅವಳು ಹುಟ್ಟಿ ಬೆಳೆದ ಬೀದಿಯ ಚರ್ಚಿನ ಕಚೇರಿಯಲ್ಲಿ ಗುಮಾಸ್ತ ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ದಪ್ಪ ಪುಸ್ತಕ ಇಳಿಸಿ, ಮೂವತ್ತೆರಡು ವರ್ಷ ಹಿಂದಕ್ಕೆ ಮಗುಚಿ, ಹೆಸರುಗಳ ಮೇಲೆ ಬೆರಳು ಜಾರಿಸುತ್ತ ಬಂದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವಳನ್ನು ತೆಗೆದಿಟ್ಟ. "ಇಗೋ, ಇಲ್ಲೇ ಇದ್ದೀರಲ್ಲ. ಅಕ್ಕ ತಂಗಿ ಇಬ್ಬರೂ ಒಂದೇ ದಿನ. ಮದುವೆಗಾ ಸರ್ಟಿಫಿಕೇಟು?" ಎಂದು ಕೇಳಿ, ಅವಳ ಮುಖ ನೋಡಿ, ಕೇಳಬಾರದಿತ್ತೇನೋ ಎಂಬಂತೆ ತಲೆ ತಗ್ಗಿಸಿ ಬರೆಯತೊಡಗಿದ. ನಲವತ್ತೊಂದರ ಹೆಂಗಸಿಗೆ ಆ ಪ್ರಶ್ನೆಗಿಂತ ಆ ತಲೆ ತಗ್ಗಿಸಿದ್ದೇ ಹೆಚ್ಚು ಚುಚ್ಚಿತು. "ಅಲ್ಲ, ಅಕ್ಕನ ಮಗಳ ದೃಢೀಕರಣಕ್ಕೆ. ನಾನೇ ಅವಳ ಜ್ಞಾನತಾಯಿ" ಎಂದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದಳು. ಹೆಮ್ಮೆಯಿಂದಲೇ ಹೇಳಿದ್ದು. ಆ ಹೆಮ್ಮೆ ಬೀದಿಯ ತಿರುವಿನವರೆಗೂ ಬಾಳಲಿಲ್ಲ. ಕಾಗದದಲ್ಲಿ ಬರೆದದ್ದು, ಅವಳ ಸ್ವಂತ ದೃಢೀಕರಣ, ನಡೆದೇ ಇರಲಿಲ್ಲ.

ಹನ್ನೊಂದು ಗಂಟೆಗೆ ಅವಳು ಎಂದಿನಂತೆ ತನ್ನ ಮೇಜಿನ ಮುಂದಿದ್ದಳು. ಹಲ್ಲಿನ ಸೆಟ್ಟು ಮಾಡುವ ಲ್ಯಾಬು ಅದು. ಊರಿನ ಅರ್ಧ ಮುದುಕರು ನಗುವುದು ಅವಳ ಕೈಗುಣದಿಂದ, ಆದರೆ ಅವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡವಳಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ಅವಳು ಮೇಣದ ಒಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಾಳೆ. ತೀರಾ ನೆಟ್ಟಗೆ ಕೂರಿಸಿದರೆ ಯಾರೂ ನಂಬುವುದಿಲ್ಲವೆಂದು ಮುಂದಿನ ಒಂದು ಹಲ್ಲನ್ನು ಕೂದಲೆಳೆಯಷ್ಟು ಸೊಟ್ಟ ಮಾಡುವುದು ಅವಳೇ ಕಂಡುಕೊಂಡ ಉಪಾಯ. ಗೋಡೆಯ ಮೊಳೆಗೆ ಸಿಕ್ಕಿಸಿದ ಚೀಲದಲ್ಲಿ ಸರ್ಟಿಫಿಕೇಟಿತ್ತು. ಸಂಜೆ ಐದರೊಳಗೆ ಅದನ್ನು ಹುಡುಗಿಯ ಅರ್ಜಿಯ ಜೊತೆ ಇಲ್ಲಿನ ಚರ್ಚಿನ ಫಾದರ್ ಕೈಗೆ ಕೊಡಬೇಕು. ಮುಂದಿನ ಭಾನುವಾರ ಬಿಷಪ್ಪರು ಬರುತ್ತಾರೆ, ಮಕ್ಕಳ ಹಣೆಗೆ ಎಣ್ಣೆ ಹಚ್ಚಿ ಪವಿತ್ರಾತ್ಮನ ಮುದ್ರೆ ಒತ್ತುತ್ತಾರೆ, ಅದೇ ದೃಢೀಕರಣ. ಹುಡುಗಿಯ ಹಿಂದೆ ನಿಂತು ಭುಜದ ಮೇಲೆ ಬಲಗೈ ಇಡುವವಳು ಜ್ಞಾನತಾಯಿ. ಹೆತ್ತವರು ಆ ಕೈ ಇಡುವಂತಿಲ್ಲ. ಇಡುವವರಿಗೆ ಮೊದಲು ತಮ್ಮ ದೃಢೀಕರಣ ಆಗಿರಬೇಕು. ಕಳೆದ ಭಾನುವಾರದ ಪೂಜೆಯಲ್ಲಿ ಫಾದರ್ ಈ ಮಾತನ್ನು ಎರಡೆರಡು ಸಲ ಹೇಳಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳ ಕೈ ತಾನಾಗಿ ಹಣೆಗೆ ಹೋಗಿತ್ತು.

ಮೂವತ್ತೆರಡು ವರ್ಷದ ಹಿಂದೆ, ದೃಢೀಕರಣದ ದಿನ, ಆ ಹಣೆ ಕೆಂಡದ ಹಾಗೆ ಸುಡುತ್ತಿತ್ತು. ಅವಳಿಗೆ ಒಂಬತ್ತು, ಅಕ್ಕನಿಗೆ ಹನ್ನೊಂದು. ಮೈತುಂಬ ದಡಾರ. ಕಿಟಕಿಗೆ ಕಂಬಳಿ ಕಟ್ಟಿದ್ದರು, ಬೆಳಕು ಬಿದ್ದರೆ ಕಣ್ಣಿಗೆ ಕೇಡೆಂದು. ಬಾಗಿಲ ಸಂದಿಯಲ್ಲಿ ಎರಡು ಬಿಳಿ ಫ್ರಾಕು ಕಾಣುತ್ತಿದ್ದವು, ಒಂದು ಅಕ್ಕನ ಮೈಮೇಲೆ, ಇನ್ನೊಂದು ಮೊಳೆಯ ಮೇಲೆ. "ಇನ್ನು ಬಿಷಪ್ಪು ಈ ಕಡೆ ಬರೋದು ಐದು ವರ್ಷಕ್ಕೋ ಆರು ವರ್ಷಕ್ಕೋ. ಅಷ್ಟರಲ್ಲಿ ಯಾರು ಇರ್ತಾರೋ ಯಾರು ಹೋಗ್ತಾರೋ" ಎಂದು ಅಮ್ಮ ಪಕ್ಕದ ಮನೆಯ ಬ್ರೆಡ್ಡಿನ ಅಂಗಡಿಯಾಕೆಗೆ ಹೇಳುತ್ತಿದ್ದಳು. ಇಬ್ಬರು ಹುಡುಗಿಯರಿಗೂ ಜ್ಞಾನತಾಯಿಯಾಗಲು ಒಪ್ಪಿದ್ದವಳು ಆಕೆಯೇ. ಅಮ್ಮ ಬಡಪಾಯಿಯಲ್ಲ, ಪೀಠಕ್ಕೆ ಹೂ ಜೋಡಿಸುವವಳು, ದೇವರ ಮನೆಯ ಲೆಕ್ಕಾಚಾರ ತನಗೆ ಗೊತ್ತೆಂದು ತಿಳಿದವಳು. ಒಂದು ಸಾಲು, ಅರವತ್ತು ಮಕ್ಕಳು, ಎಲ್ಲರ ಎದೆಗೂ ಹೆಸರಿನ ಚೀಟಿ. ಅಕ್ಕ ಒಂದು ಸಲ ತನ್ನ ಚೀಟಿ ಸಿಕ್ಕಿಸಿಕೊಂಡು ಹೋಗಲಿ. ಬಂದು, ಹಣೆ ಒರೆಸಿಕೊಂಡು, ತಂಗಿಯ ಚೀಟಿ ಸಿಕ್ಕಿಸಿಕೊಂಡು ಸಾಲಿನ ಬಾಲಕ್ಕೆ ನಿಲ್ಲಲಿ. ಮನೆಯವರೇ ತಾನೆ, ರಕ್ತ ಒಂದೇ. ರೇಷನ್ ಅಂಗಡಿಯಲ್ಲಿ ಒಬ್ಬರೇ ಇಬ್ಬರ ಪಾಲು ತರುವುದಿಲ್ಲವೆ?

ಮಧ್ಯಾಹ್ನ ಅಕ್ಕ ಬಂದು ಮಂಚದ ಹತ್ತಿರ ನಿಂತಳು. ಅವಳ ಮೈಯಿಂದ ಹಿಂದೆಂದೂ ಮೂಗಿಗೆ ಬಡಿಯದ ವಾಸನೆ ಬರುತ್ತಿತ್ತು, ಎಣ್ಣೆಯದು, ಆದರೆ ಅಡಿಗೆಯ ಎಣ್ಣೆಯದಲ್ಲ. "ನನಗೆಲ್ಲಿ?" ಎಂದು ಇವಳು ಕೇಳಿದ್ದಕ್ಕೆ, "ನಿಂದೂ ನನ್ನ ಹತ್ರಾನೇ ಇದೆ" ಎಂದುಬಿಟ್ಟಳು. ಪವಿತ್ರಾತ್ಮ ಕೊಡುವ ವರದಾನಗಳು ಏಳು. ಜ್ಞಾನ, ವಿವೇಕ, ಧೈರ್ಯ ಎಂದು ಉಪದೇಶದ ತರಗತಿಯಲ್ಲಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಹಾಗಾದರೆ ಅಕ್ಕನ ಹತ್ತಿರ ಹದಿನಾಲ್ಕು. ಒಂಬತ್ತರ ಹುಡುಗಿ ಮಾಡಿದ ಈ ಲೆಕ್ಕವನ್ನು ಮೂವತ್ತರ ಹೆಂಗಸು ಅಳಿಸಲಿಲ್ಲ, ನಲವತ್ತೊಂದರ ಹೆಂಗಸೂ ಅಳಿಸಲಿಲ್ಲ. ಅಕ್ಕ ಶಾಲೆಯ ವೇದಿಕೆ ಮೇಲೆ ನಿಂತು ತಡವರಿಸದೆ ಮಾತಾಡಿದಳು; ಅದರಲ್ಲಿ ನನ್ನದೂ ಇದೆ. ಅಕ್ಕ ಬೇಕೆಂದವನನ್ನೇ ಮದುವೆಯಾದಳು, ಮನೆ ಕಟ್ಟಿಸಿದಳು, ಅಂಗಡಿಯವನಿಗೆ "ಇದು ಕೊಳೆತಿದೆ, ವಾಪಸ್ ತಗೋ" ಎಂದು ಮುಖದ ಮೇಲೆ ಹೇಳಬಲ್ಲಳು. ಅದರಲ್ಲಿ ನನ್ನದೂ ಇದೆ. ಒಬ್ಬ ಸಂಭಾವಿತ ಲೈಬ್ರರಿಯನ್ ಮದುವೆಗೆ ಕೇಳಿ ಎರಡು ವರ್ಷ ಕಾದು, ಇವಳು ಹೂಂ ಅನ್ನಲಿಲ್ಲ ಊಹೂಂ ಅನ್ನಲಿಲ್ಲ ಎಂದು ಬೇಸತ್ತು ಬೇರೆ ಊರಿಗೆ ಹೋದಾಗಲೂ ಚಿಕ್ಕಿ ತನ್ನನ್ನು ಬೈದುಕೊಳ್ಳಲಿಲ್ಲ. ಇಲ್ಲದ ಧೈರ್ಯವನ್ನು ಎಲ್ಲಿಂದ ತರುವುದು? ಅಕ್ಕನ ಮೇಲಿನ ಈ ಸಿಟ್ಟು ಒಂದು ರೀತಿಯಲ್ಲಿ ಅವಳ ಊರುಗೋಲಾಗಿತ್ತು. ಈಗಲಾದರೂ ಕೇಳಿ ಪಡೆಯಬಹುದಲ್ಲ ಎಂದರೆ, ಹೇಗೆ? ಪುಸ್ತಕದಲ್ಲಿ ಆಗಿದೆಯೆಂದಿದೆ. ಆಗಿಲ್ಲ ಎಂದರೆ ಅಮ್ಮ ಸುಳ್ಳಿ, ಅಕ್ಕ ಎರಡು ಸಲ ಪಡೆದ ಪಾಪಿ. ಒಬ್ಬರಿಗೆ ಒಂದೇ ಸಲ ಎಂಬುದು ಆ ಸಂಸ್ಕಾರದ ಕಟ್ಟುನಿಟ್ಟು. ಅಮ್ಮ ಹೋಗಿ ಎಂಟು ವರ್ಷವಾದರೂ ಆ ಮಾತು ನುಂಗಲೂ ಆಗದೆ ಉಗುಳಲೂ ಆಗದೆ ಹಾಗೇ ಇತ್ತು.

"ಏನಮ್ಮ ಇದು?" ಲ್ಯಾಬಿನ ಯಜಮಾನರು ಬೆನ್ನ ಹಿಂದೆ ನಿಂತಿದ್ದರು. ಕನ್ನಡಕ ಹಣೆಗೇರಿಸಿ ಸೆಟ್ಟನ್ನು ಬೆಳಕಿಗೆ ಹಿಡಿದರು. "ಎಡಗಡೆ ಕೋರೆಹಲ್ಲನ್ನ ಬಲಗಡೆ ಕೂರಿಸಿದ್ದೀಯಲ್ಲ. ಹದಿನೆಂಟು ವರ್ಷದಲ್ಲಿ ಒಂದು ಸಲ ಇಂಥದ್ದು ನೋಡಿಲ್ಲ ನಾನು."

"ಬಿಚ್ಚಿ ಕೂರಿಸ್ತೀನಿ ಸರ್."

"ಮೈ ಹುಷಾರಿಲ್ವಾ? ಹೋಗಿ ಮಲ್ಕೋ ಬೇಕಿದ್ರೆ. ಈ ಸೆಟ್ಟಿನ ಬಾಯಿ ಸೋಮವಾರದವರೆಗೆ ಗಂಜಿ ಕುಡಿದುಕೊಂಡಿರುತ್ತೆ, ಅದಕ್ಕೆ ಅಭ್ಯಾಸ ಇದೆ."

ಪಕ್ಕದ ಮೇಜಿನವರು ನಕ್ಕರು. ಅವಳೂ ನಕ್ಕಳು. ಮೇಣ ಬಿಸಿ ಮಾಡಿ ಹಲ್ಲು ಕಿತ್ತು ಬದಲಿಸಿ, ಎರಡು ಗಂಟೆಗೆ ಕೈ ತೊಳೆದು ಹೊರಟಾಗಲೂ ಉಗುರಿನ ಸಂದಿಯಲ್ಲಿ ಗುಲಾಬಿ ಮೇಣ ಉಳಿದಿತ್ತು.

ಅಕ್ಕನ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷವೂ ಅವಳು ತನ್ನ ಜೊತೆ ವಾದ ಮಾಡಿದಳು. ಕೊಟ್ಟುಬಿಟ್ಟರೆ ಏನಾಯಿತು? ಕಾಗದ ನಿಜದ್ದು, ಮೊಹರು ನಿಜದ್ದು. ಆಣೆ ಮಾಡು ಎಂದೂ ಯಾರೂ ಕೇಳುವುದಿಲ್ಲ. ಹುಡುಗಿ ಕೇಳಿದ್ದು ತನ್ನನ್ನು, ಇಷ್ಟು ದೊಡ್ಡ ಬಳಗದಲ್ಲಿ ತನ್ನನ್ನೇ. ಮನೆಯವರೆಲ್ಲ ತರಲೆ ಎಂದು ಕರೆಯುವ ಆ ಹದಿನೈದರ ಹುಡುಗಿ ಹೋದ ಭಾನುವಾರ ಪಾತ್ರೆ ಒರೆಸುತ್ತ, "ಚಿಕ್ಕಿ, ನೀನೇ ನನ್ನ ಹಿಂದೆ ನಿಲ್ಲಬೇಕು" ಎಂದಾಗ ಹೂಂ ಎಂಬುದು ಬಾಯಿಂದ ಹೊರಬಿದ್ದು ಆಗಿತ್ತು. ಎರಡು ವರ್ಷದಲ್ಲಿ ಲೈಬ್ರರಿಯನ್ನನಿಗೆ ಸಿಗದ ಹೂಂ ಎರಡು ಕ್ಷಣದಲ್ಲಿ. ಅಕ್ಕನ ಮುಖ ಸಣ್ಣದಾಗಿತ್ತು. "ನಿಮ್ಮ ಹೆಡ್‌ಮಿಸ್ಸನ್ನ ಕೇಳೋಣ ಅಂದಿದ್ದೆನಲ್ಲೇ, ಅವರಾದ್ರೆ ಎಲ್ಲ ತಿಳಿದವರು" ಎಂದಿದ್ದಳು. ಅಂದರೆ ನಾನು ತಿಳಿಯದವಳು. ಆ ಮಾತಿಗಾದರೂ ಕಾಗದ ಕೊಟ್ಟೇ ತೀರಬೇಕು ಎಂದು ಅನ್ನಿಸಿತು. ಮರುಗಳಿಗೆಯೇ, ಹುಡುಗಿಯ ಭುಜದ ಮೇಲೆ ತನ್ನ ಕೈ ಸುಳ್ಳು ಸುಳ್ಳೇ ಕೂತಿರುವುದು ಕಣ್ಣಿಗೆ ಕಟ್ಟಿತು. ಕೊಡಲಿಲ್ಲವೆಂದರೆ ಹುಡುಗಿಗೆ ಏನು ಹೇಳುವುದು? ಹೇಳಿದರೆ ಆ ಜಾಗ ಹೋಯಿತು. ಜನ್ಮದಲ್ಲಿ ಯಾರೂ ತನ್ನನ್ನು ಇಂಥದ್ದಕ್ಕೆ ಆರಿಸಿರಲಿಲ್ಲ, ಇನ್ನು ಆರಿಸುವವರೂ ಇರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ಬಟ್ಟೆ ಮಡಿಸುತ್ತಿದ್ದಳು. ತರಲೆ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಕೂತಿದ್ದಳು.

"ಸಿಕ್ತಾ?" ಎಂದಳು ಅಕ್ಕ, ತಲೆ ಎತ್ತದೆ.

"ಸಿಕ್ತು."

"ಹಾಗಾದ್ರೆ ಮುಗೀತಲ್ಲ. ಬೇಗ ಕೊಟ್ಟು ಬನ್ನಿ." ಅವಳ ದನಿಯಲ್ಲಿ ಏನೋ ಅವಸರವಿತ್ತು. ಮಡಿಸಿದ ಟವೆಲ್ಲನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದಳು.

"ತಡಿ ಅಮ್ಮಾ, ಚಿಕ್ಕಿ ಮೊದಲು ಇದನ್ನ ಕೇಳಲಿ. 'ನಾನು ಇವರನ್ನೇ ಏಕೆ ಆರಿಸಿದೆ' ಅಂತ ಒಂದು ಪುಟ ಬರೀಬೇಕು ನಾವು." ತರಲೆ ಗಂಟಲು ಸರಿಮಾಡಿಕೊಂಡು ಓದತೊಡಗಿದಳು. "ನನ್ನ ಚಿಕ್ಕಮ್ಮ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಎಲ್ಲರೂ ಪ್ರಸಾದಕ್ಕೆ ಎದ್ದು ಹೋಗುವಾಗ ಕೆಲವು ಭಾನುವಾರ ಅವರು ಎದ್ದು ಹೋಗುವುದಿಲ್ಲ. ಯಾಕೆಂದು ನಾನು ಕೇಳಿಲ್ಲ. ಎಲ್ಲರೂ ನೋಡುತ್ತಾರೆಂದು ಗೊತ್ತಿದ್ದೂ ಕೂತೇ ಇರುತ್ತಾರೆ. ನನಗಾದರೆ ಅಷ್ಟು ಧೈರ್ಯ ಇಲ್ಲ. ನಾನು ಅಮ್ಮನ ಜೊತೆ ಜಗಳ ಆಡಿದ ದಿನವೂ ಸಾಲಿನಲ್ಲಿ ಹೋಗಿಬಿಡುತ್ತೇನೆ..."

"ಸಾಕು ನಿಲ್ಸು" ಎಂದಳು ಚಿಕ್ಕಿ.

ಅವಳಿಗೆ ಮುಜುಗರವಾಯಿತು, ಅಳು ಬಂತು, ಎರಡಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕೂತೇ ಇದ್ದದ್ದು ಧೈರ್ಯವಲ್ಲ ಕಣೇ, ಹೆದರಿಕೆ. ನನ್ನ ಸಂಸ್ಕಾರ ಅರ್ಧಕ್ಕೆ ನಿಂತದ್ದು, ಸಾಲಿನಲ್ಲಿ ಹೋದರೆ ಯಾರಿಗಾದರೂ ತಿಳಿದುಬಿಟ್ಟರೆ ಎಂಬ ಹೆದರಿಕೆ. ಆದರೆ ಬಾಯಿಂದ ಬಂದದ್ದು ಬೇರೆ.

"ಆ ಕಾಗದ ಸುಳ್ಳು. ನನಗೆ ಆಗೇ ಇಲ್ಲ. ಅವತ್ತು ನನಗೆ ದಡಾರ. ನಿಮ್ಮಮ್ಮ ನನ್ನ ಚೀಟಿ ಸಿಕ್ಕಿಸ್ಕೊಂಡು ಎರಡನೇ ಸಲ ಹೋದ್ಲು. ನಂದೂ ಅವಳೇ ತಗೊಂಡ್ಲು."

ಕುಕ್ಕರು ಕೂಗಿತು. ಯಾರೂ ಎದ್ದು ಒಲೆ ಆರಿಸಲಿಲ್ಲ. ಇನ್ನೊಂದು ಸಲ ಕೂಗಿದ ಮೇಲೆ ಅಕ್ಕ ಹೋಗಿ ಆರಿಸಿ, ಒಲೆಯ ಕಡೆಗೇ ಮುಖ ಮಾಡಿ ನಿಂತಳು. ಬೈಗುಳ ಬರುತ್ತದೆಂದು ಚಿಕ್ಕಿ ಕಾದಳು. ಸತ್ತ ಅಮ್ಮನ ಮಾನ ತೆಗೆದೆ, ಮಗಳ ಮುಂದೆ ನನ್ನ ಮಾನ ತೆಗೆದೆ ಎಂಬ ಮಾತಿಗೆ ಉತ್ತರವನ್ನೂ ಜೋಡಿಸಿಕೊಂಡಳು. ಮೂವತ್ತೆರಡು ವರ್ಷದಲ್ಲಿ ಉತ್ತರಗಳಿಗೇನು ಬರವಿರಲಿಲ್ಲ.

"ತಗೊಳ್ಳಲಿಲ್ಲ" ಎಂದಳು ಅಕ್ಕ.

"ಏನು?"

"ನಿಂದು ನಾನು ತಗೊಳ್ಳಲಿಲ್ಲ ಕಣೇ. ಕೊಡಲೇ ಇಲ್ಲ ಅವರು." ಅವಳು ತಿರುಗಲಿಲ್ಲ. "ಅಮ್ಮ ಕರ್ಚೀಫಲ್ಲಿ ಒರೆಸಿದ್ರೂ ಹಣೆ ಮಿರಮಿರ ಅಂತಿತ್ತು. ಬಿಷಪ್ಪು ಹೆಬ್ಬೆರಳು ಎತ್ತಿದವರು ಹಾಗೇ ನಿಂತ್ರು. ನನ್ನ ಹಣೆ ನೋಡಿದ್ರು, ಚೀಟಿ ನೋಡಿದ್ರು, ಆಮೇಲೆ ಕಣ್ಣು ನೋಡಿದ್ರು. ಒಂದು ಮಾತು ಆಡಲಿಲ್ಲ. ಕೆನ್ನೆ ಮೇಲೆ ಎರಡು ಸಲ ತಟ್ಟಿ, ಪಕ್ಕದ ಹುಡುಗನ ಹತ್ರ ಹೋದ್ರು. ದೂರದಿಂದ ಅಮ್ಮನಿಗೆ, ಬೆನ್ನ ಹಿಂದಿದ್ದ ಬ್ರೆಡ್ಡಿನ ಅಂಗಡಿಯಾಕೆಗೆ ತಟ್ಟಿದ್ದಷ್ಟೇ ಕಂಡಿದ್ದು. ಹೆಸರು ಬರ್ಕೊಳ್ಳೋನು ಚೀಟಿ ನೋಡಿ ಬರ್ಕೊಂಡ. 'ಆಯ್ತೇನೇ?' ಅಂದ್ಲು ಅಮ್ಮ. ಆಯ್ತು ಅಂದೆ. ಹನ್ನೊಂದು ವರ್ಷ ನನಗೆ. ದೇವರ ಮುಂದೇನೇ ಕಳ್ಳಿ ಅಂತ ಸಿಕ್ಕಿಬಿದ್ದಿದ್ದೆ. ಮನೆಗೆ ಬಂದ್ರೆ ನೀನು, ನನಗೆಲ್ಲಿ, ನನಗೆಲ್ಲಿ ಅಂತ. ಏನು ಹೇಳಲಿ? ನನ್ನ ಹತ್ರ ಇದೆ ಅಂದೆ. ಒಂದು ಸಲ ಹೇಳಿದ ಮೇಲೆ ವಾಪಸ್ ತಗೊಳ್ಳೋಕೆ ಜಾಗಾನೇ ಸಿಗಲಿಲ್ಲ. ಪಾಪನಿವೇದನೇಲೂ ಹೇಳಿಲ್ಲ ನಾನು. ಹೆಡ್‌ಮಿಸ್ ಅಂತ ನಾನು ಬಡ್ಕೊಂಡಿದ್ದು ಇದಕ್ಕೇ. ನೀನು ಆ ಕಾಗದ ತೆಗೆಸೋಕೆ ಹೋಗ್ತೀಯಲ್ಲ ಅಂತ."

ಚಿಕ್ಕಿ ಕುರ್ಚಿ ಎಳೆದುಕೊಂಡು ಕೂತಳು. ತಾನು ಮೂವತ್ತೆರಡು ವರ್ಷ ಅಕ್ಕನ ಮೈಮೇಲೆ ಕಂಡಿದ್ದು, ಅವಳ ಮಾತಿನಲ್ಲಿ, ಮನೆಯಲ್ಲಿ, ಮದುವೆಯಲ್ಲಿ ಪಾಲು ಎಣಿಸಿದ್ದು ಏನನ್ನು ಹಾಗಾದರೆ? ಅಂಗಡಿಯವನಿಗೆ ಅಕ್ಕ ಹೇಳುವ ಮುಖದ ಮೇಲಿನ ಮಾತು ಬರೀ ಅಕ್ಕನದೇ. ಲೈಬ್ರರಿಯನ್ನನಿಗೆ ಹೇಳದ ಮಾತು ಬರೀ ತನ್ನದೇ. ಊರುಗೋಲು ಕಿತ್ತುಕೊಂಡರೆ ಮೊದಲು ಬರುವುದು ಕೃತಜ್ಞತೆಯಲ್ಲ. ಇವಳು ಆಗಲೇ ಹೇಳಬಾರದಿತ್ತೆ ಎಂದು ಮತ್ತೆ ಸಿಟ್ಟೇ ಬಂತು. ಅಕ್ಕ ಮೂಗು ಸೇದುತ್ತಿದ್ದಳು. ಅಕ್ಕ ಅತ್ತದ್ದನ್ನು ಅವಳು ಅಮ್ಮ ಹೋದ ದಿನವೂ ನೋಡಿರಲಿಲ್ಲ.

"ಅಂದ್ರೆ ಯಾರ ಹತ್ರಾನೂ ಇಲ್ಲ ಅದು" ಎಂದಳು ತರಲೆ. ಬಳಿಕ ಅವಳ ಮುಖ ಕೆಂಪಾಯಿತು. "ಚಿಕ್ಕಿ, ನೀನು ಸುಮ್ನೆ ಇದ್ದಿದ್ರೆ ಏನಾಗ್ತಿತ್ತು? ಕಾಗದ ಇತ್ತಲ್ಲ. ಈಗ ನನ್ನ ಹಿಂದೆ ಯಾರು? ಹೆಡ್‌ಮಿಸ್ಸಾ? ನಾನು ಬರೆದಿದ್ದೆಲ್ಲ ಏನ್ಮಾಡ್ಲಿ?" ಎಂದು ಹಾಳೆಯನ್ನು ಮುದ್ದೆ ಮಾಡಿ ಮೇಜಿನ ಕೆಳಗೆ ಎಸೆದಳು. ನಾಲ್ಕೂವರೆಗೆ ಮೂವರೂ ಚರ್ಚಿನ ಕಡೆ ಹೊರಟರು, ಒಬ್ಬರ ಹಿಂದೊಬ್ಬರು, ದಾರಿ ಅಗಲವಾಗಿದ್ದರೂ.

ಫಾದರ್ ಕಚೇರಿಯಲ್ಲಿ ಒಬ್ಬರೇ ಕೂತು ಬಿಷಪ್ಪರ ಭೇಟಿಗೆ ಬೇಕಾದ ಕುರ್ಚಿಗಳ ಪಟ್ಟಿ ಮಾಡುತ್ತಿದ್ದರು. ಗುಡುಗು ಸಿಡಿಲು ಬೀಳುತ್ತದೆಂದು ಚಿಕ್ಕಿ ಅಂದುಕೊಂಡಿದ್ದಳು. ಅವರು ಎಲ್ಲವನ್ನೂ ಕೇಳಿ, ಸರ್ಟಿಫಿಕೇಟನ್ನು ಒಂದು ಸಲ ತಿರುಗಿಸಿ ನೋಡಿ, "ಆ ಚರ್ಚಿಗೆ ನಾನು ಬರೀತೀನಿ, ಪುಸ್ತಕದಲ್ಲಿ ತಿದ್ದಿಕೊಳ್ತಾರೆ. ನಿಮ್ಮ ಹೆಸರನ್ನ ಮಕ್ಕಳ ಪಟ್ಟಿಗೆ ಸೇರಿಸ್ತೀನಿ. ವಾರ ಪೂರ್ತಿ ತರಗತಿಗೆ ಬನ್ನಿ. ಜ್ಞಾನತಾಯಿ ಯಾರು?" ಎಂದರು. ಇಷ್ಟೇನಾ ಎಂದು ಅವಳಿಗೆ ಅವಮಾನವೇ ಆಯಿತು. ಮೂವತ್ತೆರಡು ವರ್ಷದ ಗುಟ್ಟಿಗೆ ಕುರ್ಚಿಗಳ ಪಟ್ಟಿಯ ಪಕ್ಕದಲ್ಲಿ ಒಂದು ಸಾಲು.

"ನಾನು ಆಗಬಹುದಾ ಫಾದರ್?" ಎಂದಳು ಅಕ್ಕ. ಹಾಗೆ ಕೇಳುವವಳೇ ಅಲ್ಲ ಅವಳು, ಆಗ್ತೀನಿ ಎನ್ನುವವಳು.

"ಅಕ್ಕ ಆಗಬಹುದು. ಮೊದಲು ಪಾಪನಿವೇದನೆಗೆ ಬನ್ನಿ."

"ನಂದು?" ಎಂದಳು ತರಲೆ.

"ನಿನ್ನ ಅರ್ಜೀಲಿ ಬೇರೆ ಹೆಸರು ಬರಿ ಮಗಳೇ. ದೃಢೀಕರಣ ಆಗಿರೋರು ಬೇಕು ಅಂತ ನಿಯಮ."

"ಎಷ್ಟು ಹೊತ್ತು ಮುಂಚೆ ಆಗಿರಬೇಕು?"

ಫಾದರ್ ಪೆನ್ನು ಕೆಳಗಿಟ್ಟರು. "ಹೊತ್ತು ಅಂತ ಏನೂ ಬರೆದಿಲ್ಲ."

"ಹಾಗಾದ್ರೆ ಸಾಲಲ್ಲಿ ಚಿಕ್ಕಿ ನನ್ನ ಮುಂದೆ ನಿಲ್ಲಲಿ. ಅವಳದು ಆದ ತಕ್ಷಣ ಹಿಂದೆ ಬಂದು ನನ್ನ ಭುಜ ಹಿಡೀಲಿ. ಅಷ್ಟರಲ್ಲಿ ಆಗಿರುತ್ತಲ್ಲ."

ಫಾದರ್ ಪೆನ್ನು ಮತ್ತೆ ಕೈಗೆತ್ತಿಕೊಂಡರು. "ಮನೇಲಿ ನಿನ್ನ ಏನಂತ ಕರೀತಾರೆ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, "ಸರಿಯಾಗೇ ಕರೀತಾರೆ" ಎನ್ನುತ್ತ ಹೆಸರು ಬರೆದುಕೊಂಡರು.

ಆ ವಾರ ಚಿಕ್ಕಿ ಲ್ಯಾಬು ಮುಗಿಸಿ ದಿನಾ ತರಗತಿಗೆ ಹೋದಳು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮೇಜಿಗೆ ಬಡಿಯುತ್ತಿತ್ತು. ಏಳು ವರದಾನಗಳನ್ನು ಹೇಳುವಾಗ ಐದನೆಯದು ಮರೆತಾಗ, ಪಕ್ಕದ ಹುಡುಗಿ ಪಿಸುಗುಟ್ಟಿ ಹೇಳಿಕೊಟ್ಟಳು. ಸಾಲಿನಲ್ಲಿ ಒಬ್ಬ ದೊಡ್ಡ ಹೆಂಗಸು ಯಾಕೆ ಎಂದು ಊರಿನವರು ಕೇಳಿದರೆ, "ಅವಳಿಗೆ ಆಗ ಹುಷಾರಿರಲಿಲ್ಲ, ತಪ್ಪಿಹೋಗಿತ್ತು" ಎಂದರೆ ಸಾಕು ಎಂದು ಅಕ್ಕ ತೀರ್ಮಾನಿಸಿದ್ದಳು. ಅದು ಸುಳ್ಳೂ ಅಲ್ಲ. ಪೂರ್ತಿ ನಿಜ ಫಾದರಿಗೆ ಗೊತ್ತು, ದೇವರಿಗೆ ಗೊತ್ತು, ಮತ್ತೆ ಯಾರಿಗೂ ಬೇಡ. ಚಿಕ್ಕಿ ಒಪ್ಪಿದಳು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಸಾಲು ಒಂದೊಂದೇ ಹೆಜ್ಜೆ ಸರಿಯುತ್ತಿತ್ತು. ಅವಳ ಭುಜದ ಮೇಲೆ ಅಕ್ಕನ ಕೈಯಿತ್ತು, ಅಕ್ಕನ ಹಿಂದೆ ತರಲೆ. ಆ ಕೈ ಜಾರದಿರಲೆಂದು ಚಿಕ್ಕಿ ಭುಜವನ್ನು ಅಲುಗಿಸದೆ ಹೆಜ್ಜೆ ಇಟ್ಟಳು. ಮುಂದಿನ ಹುಡುಗನದು ಮುಗಿಯಿತು. ವಯಸ್ಸಾದ ಬಿಷಪ್ಪರು ಎಣ್ಣೆಯ ಬಟ್ಟಲಿಗೆ ಹೆಬ್ಬೆರಳು ಅದ್ದಿ ತಲೆ ಎತ್ತಿದರು, ನರೆತ ಕೂದಲಿನ ಹೆಂಗಸನ್ನು ಕಂಡು ಮುಗುಳ್ನಕ್ಕರು, ಯಾರದೋ ಜ್ಞಾನತಾಯಿ ಮುಂದೆ ಬಂದು ನಿಂತಿದ್ದಾಳೆಂದು ಎಡಗೈಯಿಂದ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಿಂದಿನ ಹುಡುಗಿಗೆ ಬಾ ಎಂದು ಸನ್ನೆ ಮಾಡಿದರು. ಚಿಕ್ಕಿ ಸರಿದಳು. ಸರಿದು ಅಭ್ಯಾಸ ಅವಳಿಗೆ. ಹೆಸರುಗಳ ಪಟ್ಟಿ ಹಿಡಿದಿದ್ದ ಫಾದರ್ ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ದನಿ ಕೇಳಿತು, ಕೊನೆಯ ಬೆಂಚಿನವರೆಗೂ ಕೇಳಿತು.

"ಇವಳಿಗೆ ಆಗಿಲ್ಲ ಸ್ವಾಮಿ. ಇವಳ ಹೆಸರಲ್ಲಿ ಹಿಂದೆ ನಾನು ಬಂದು ನಿಂತಿದ್ದೆ. ಇವಳಿಗೆ ಹಚ್ಚಿ ಮೊದಲು."

ಹಾಡುತ್ತಿದ್ದವರು ನಿಲ್ಲಿಸಿದರು. ಬೆಂಚುಗಳಲ್ಲಿ ತಲೆಗಳು ತಿರುಗಿದವು. ಅಕ್ಕನ ಕೈ ಈಗ ಭುಜವನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿತ್ತು, ಅವಳನ್ನು ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಿತ್ತು. ಬಿಷಪ್ಪರು ಒಮ್ಮೆ ಅಕ್ಕನನ್ನು ನೋಡಿದರು, ಆಮೇಲೆ ಚಿಕ್ಕಿಯ ಒಣ ಹಣೆಯನ್ನು.

"ನಿನ್ನ ಹೆಸರೇನಮ್ಮ?"

ಚಿಕ್ಕಿ ತನ್ನ ಹೆಸರು ಹೇಳಿದಳು.